ವಿಜ್ಞಾನ ಚಿತ್ರಗಳ ವಾಹನಗಳು: ಕಲ್ಪನೆಗೊಂದು ಅಳತೆಗೋಲು

ಹರಿಹರ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ 13ನೇ ಶತಮಾನದ ಹರಿಹರೇಶ್ವರ ದೇವಾಲಯ ನೆನಪಾಗುತ್ತದೆ. ಐ.ಟಿ.ಐ., ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗುವುದು ಲೇತ್ ಯಂತ್ರ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ಹಳೆಯ ಯಂತ್ರೋಪಕರಣ ಕಾರ್ಖಾನೆಗಳಲ್ಲಿ ಒಂದು. 2000ದ ದಶಕದ ಆರಂಭದಲ್ಲಿ ಅದು ಮುಚ್ಚಿಹೋಯಿತು. ಆದರೆ ಅಲ್ಲಿ ತಯಾರಾದ ಲೇತ್‌ಗಳು ಇಂದಿಗೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಅವುಗಳ ಪೈಕಿ ಒಂದು ಮಾದರಿಯ ಹೆಸರು ‘ಎಂಟರ್‌ಪ್ರೈಸ್’.

ಇದೇ ಹೆಸರಿನ ಇನ್ನೊಂದು ಯಂತ್ರ ಜಗತ್ಪ್ರಸಿದ್ಧ. ಅದು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟೆಲಿವಿಷನ್ ಸರಣಿಯ ವ್ಯೋಮನೌಕೆ. ಹೆಸರಿನ ಹೊರತು ಇವೆರಡಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಲೇತ್ ಕೊಳ್ಳುವವರು ಮೊದಲು ನೋಡುವುದು ಅದರ ವಿವರಗಳನ್ನು: ಎಷ್ಟು ವ್ಯಾಸದ ಕೆಲಸವನ್ನು ಹಿಡಿಯಬಹುದು, ಎಷ್ಟು ಉದ್ದದ ಸಲಾಕೆಯನ್ನು ಕೂರಿಸಬಹುದು, ನಿಮಿಷಕ್ಕೆ ಎಷ್ಟು ಸುತ್ತು, ಮೋಟಾರಿನ ಸಾಮರ್ಥ್ಯ ಎಷ್ಟು. ಅಂದರೆ ಯಂತ್ರದ ಪರಿಚಯ ಎಂದರೆ ಅದರ ಮಿತಿಗಳ ಪರಿಚಯ. ಹಾಗಾದರೆ ಕಲ್ಪನೆಯ ವಾಹನಗಳಿಗೆ ಇಂಥ ವಿವರ ಫಲಕ ಇರುತ್ತದೆಯೇ?

ವೈಜ್ಞಾನಿಕ ಕಥಾಚಿತ್ರಗಳ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಈ ಪ್ರಶ್ನೆಯೊಡನೆ ನೋಡಿದಾಗ ಒಂದು ಸ್ವಾರಸ್ಯದ ಸಂಗತಿ ಕಾಣುತ್ತದೆ. ಜನರ ನೆನಪಿನಲ್ಲಿ ಉಳಿದ ವಾಹನಗಳಲ್ಲಿ ಹೆಚ್ಚಿನವು ಏನು ಬೇಕಾದರೂ ಮಾಡಬಲ್ಲ ವಾಹನಗಳಲ್ಲ. ಒಂದಲ್ಲ ಒಂದು ಮಿತಿಗೆ, ಒಂದು ನಿಯಮಕ್ಕೆ ಒಳಪಟ್ಟವು. ನಿಯಮ ಇದ್ದಲ್ಲಿ ಲೆಕ್ಕ ಹಾಕಬಹುದು. ಲೆಕ್ಕ ಹಾಕಬಹುದಾದಲ್ಲಿ ಪಾಠ ಮಾಡಬಹುದು.

ಫಿರಂಗಿಯಿಂದ ರಾಕೆಟ್‌ಗೆ

ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ‘ಚಂದ್ರಯಾತ್ರೆ’ಯ ಮೂಕಿ ಚಿತ್ರವನ್ನು ತೆಗೆದ. ಸುಮಾರು ಕಾಲು ಗಂಟೆಯ ಈ ಚಿತ್ರದಲ್ಲಿ ಪ್ರಯಾಣಿಕರನ್ನು ಗುಂಡಿನಾಕಾರದ ಕೋಶದಲ್ಲಿ ಕೂರಿಸಿ ದೊಡ್ಡ ಫಿರಂಗಿಯಿಂದ ಹಾರಿಸುತ್ತಾರೆ. ಕೋಶ ಹೋಗಿ ಚಂದ್ರನ ಕಣ್ಣಿಗೆ ನಾಟಿಕೊಳ್ಳುತ್ತದೆ. ಮರಳುವ ದಾರಿ ಇನ್ನೂ ತಮಾಷೆಯದು: ಚಂದ್ರನ ಬಂಡೆಯಂಚಿನಿಂದ ಕೋಶವನ್ನು ಕೆಳಕ್ಕೆ ತಳ್ಳಿದರೆ ಅದು ನೇರವಾಗಿ ಭೂಮಿಯ ಸಮುದ್ರಕ್ಕೆ ಬೀಳುತ್ತದೆ! ಆಕಾಶದಲ್ಲಿ ‘ಮೇಲೆ’, ‘ಕೆಳಗೆ’ ಎಂಬುದು ಯಾವ ಕಾಯದ ಗುರುತ್ವವನ್ನು ಅವಲಂಬಿಸಿದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು.

ಫಿರಂಗಿಯ ಕಲ್ಪನೆ ಜೂಲ್ಸ್ ವರ್ನ್‌ನ 1865ರ ಕಾದಂಬರಿಯದು. ಅಲ್ಲಿಯ ಫಿರಂಗಿಯ ಉದ್ದ 900 ಅಡಿ, ಅಂದರೆ ಸುಮಾರು 274 ಮೀಟರ್. ಭೂಮಿಯಿಂದ ಬಿಡುಗಡೆ ಪಡೆಯಲು ಬೇಕಾದ ವೇಗ ಸೆಕೆಂಡಿಗೆ 11.2 ಕಿಲೋಮೀಟರ್. ಈ ವೇಗವನ್ನು ಕೇವಲ 274 ಮೀಟರ್ ದೂರದಲ್ಲಿ ಪಡೆಯಬೇಕಾದರೆ ವೇಗೋತ್ಕರ್ಷ ಎಷ್ಟಿರಬೇಕು? ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ. ಉತ್ತರ ಗುರುತ್ವ ವೇಗೋತ್ಕರ್ಷದ ಸುಮಾರು 23,000 ಪಟ್ಟು! 60 ಕಿಲೋಗ್ರಾಂ ತೂಕದ ಮನುಷ್ಯ ಆ ಕ್ಷಣದಲ್ಲಿ 1,380 ಟನ್ ತೂಗುತ್ತಾನೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಈ ಒಂದು ಲೆಕ್ಕ, ಫಿರಂಗಿ ಏಕೆ ಸಲ್ಲದು, ನಿಧಾನವಾಗಿ ವೇಗ ಪಡೆಯುವ ರಾಕೆಟ್ ಏಕೆ ಬೇಕು ಎಂಬುದನ್ನು ತಿಳಿಸಿಕೊಡುತ್ತದೆ.

ತೆರೆಯ ಮೇಲೆ ಈ ಬದಲಾವಣೆ ಬಂದದ್ದು 1929ರಲ್ಲಿ. ಜರ್ಮನಿಯ ಫ್ರಿಟ್ಸ್ ಲಾಂಗ್ ‘ಚಂದ್ರನಲ್ಲಿ ಮಹಿಳೆ’ ಎಂಬ ಚಿತ್ರಕ್ಕೆ ರಾಕೆಟ್ ವಿಜ್ಞಾನದ ಹರಿಕಾರರಲ್ಲಿ ಒಬ್ಬನಾದ ಹೆರ್ಮನ್ ಓಬರ್ತ್‌ನನ್ನು ಸಲಹೆಗಾರನನ್ನಾಗಿ ಕರೆದ. ಹೀಗಾಗಿ ಅಲ್ಲಿಯ ‘ಫ್ರೀಡೆ’ ಎಂಬ ರಾಕೆಟ್‌ಗೆ ಹಂತಗಳಿವೆ. ಇಂಧನ ಮುಗಿದ ಹಂತ ಕಳಚಿ ಬೀಳುತ್ತದೆ. ಮೇಲೇರುವಾಗ ಪ್ರಯಾಣಿಕರು ಮಲಗಿರುತ್ತಾರೆ. ಹಾರಿಸುವ ಮುನ್ನ ಸಂಖ್ಯೆಗಳನ್ನು ಇಳಿಕೆಯ ಕ್ರಮದಲ್ಲಿ ಎಣಿಸುತ್ತಾರೆ. ಪ್ರೇಕ್ಷಕರ ಎದೆಬಡಿತ ಹೆಚ್ಚಿಸಲು ಲಾಂಗ್ ಬಳಸಿದ ಈ ಇಳಿಯೆಣಿಕೆಯನ್ನೇ ಇಂದು ನಾವು ಶ್ರೀಹರಿಕೋಟಾದ ನೇರ ಪ್ರಸಾರದಲ್ಲಿ ಕೇಳುತ್ತೇವೆ. ಚಿತ್ರದಲ್ಲಿ ತಪ್ಪುಗಳೂ ಇದ್ದವು. ಅಲ್ಲಿಯ ಚಂದ್ರನಲ್ಲಿ ಉಸಿರಾಡಲು ಗಾಳಿ ಇದೆ! ಆದರೆ ವಾಹನ ಮಾತ್ರ ತನ್ನ ಕಾಲಕ್ಕಿಂತ ಮುಂದಿತ್ತು.

ಹಣದ ಕೊರತೆಯಿಂದ ಹುಟ್ಟಿದ ನಿಯಮಗಳು

ಸಿನಿಮಾದಿಂದ ಟೆಲಿವಿಷನ್‌ಗೆ ಬಂದಾಗ ವಾಹನಗಳಿಗೆ ಇನ್ನೊಂದು ಬಗೆಯ ಮಿತಿ ಎದುರಾಯಿತು. ಅದು ಖರ್ಚು.

1963ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ‘ಡಾಕ್ಟರ್ ಹೂ’ ಸರಣಿಯನ್ನು ಆರಂಭಿಸಿತು. ಅದರ ಕಾಲವಾಹನ ‘ಟಾರ್ಡಿಸ್’. ಹೋದ ಜಾಗಕ್ಕೆ ತಕ್ಕಂತೆ ರೂಪ ಬದಲಿಸಬಲ್ಲ ವಾಹನ ಎಂಬುದು ಕಥೆ. ಆದರೆ ವಾರಕ್ಕೊಂದು ಹೊಸ ರೂಪ ಕಟ್ಟಲು ಹಣ ಬೇಕಲ್ಲ! ಆದ್ದರಿಂದ ರೂಪ ಬದಲಿಸುವ ಯಂತ್ರ ಕೆಟ್ಟುಹೋಗಿದೆ ಎಂದು ಕಥೆ ಕಟ್ಟಿ, ಲಂಡನ್ ಬೀದಿಗಳಲ್ಲಿದ್ದ ಪೊಲೀಸ್ ದೂರವಾಣಿ ಪೆಟ್ಟಿಗೆಯ ರೂಪದಲ್ಲೇ ಅದನ್ನು ಉಳಿಸಿದರು. ಆ ನೀಲಿ ಪೆಟ್ಟಿಗೆ ಇಂದು ಆ ದೇಶದ ಒಂದು ಸಂಕೇತ.

‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರ್ 8ರಂದು ಆರಂಭವಾಯಿತು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಪ್ರಸಾರವಾಯಿತು. ಎಂಟರ್‌ಪ್ರೈಸ್ ನೌಕೆಯನ್ನು ವಿನ್ಯಾಸ ಮಾಡಿದ ಮ್ಯಾಟ್ ಜೆಫರೀಸ್ ವಿಮಾನಗಳನ್ನು ಬಲ್ಲವನು. ಬಲಿಷ್ಠವಾದ ಎಂಜಿನ್‌ಗಳು ಅಪಾಯಕಾರಿಯೂ ಆಗಿರಬೇಕೆಂದು ಯೋಚಿಸಿ ಅವನ್ನು ಜನರಿರುವ ಭಾಗದಿಂದ ದೂರ, ಎರಡು ಕಂಬಗಳ ತುದಿಯಲ್ಲಿ ಇಟ್ಟ. ನೌಕೆಗೆ ಆ ವಿಶಿಷ್ಟ ರೂಪ ಬಂದದ್ದು ಈ ಎಂಜಿನಿಯರಿಂಗ್ ತರ್ಕದಿಂದ. ಚಿತ್ರೀಕರಣಕ್ಕೆ ಬಳಸಿದ ಮಾದರಿಯ ಉದ್ದ ಸುಮಾರು 3.4 ಮೀಟರ್. ಮರ, ಪ್ಲಾಸ್ಟಿಕ್ ಮತ್ತು ಲೋಹದ ತಗಡಿನಿಂದ ಮಾಡಿದ ಅದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ದೊಡ್ಡ ನೌಕೆಯನ್ನು ಪ್ರತಿ ವಾರ ಒಂದೊಂದು ಗ್ರಹದ ಮೇಲೆ ಇಳಿಸುವ ದೃಶ್ಯಕ್ಕೆ ಹಣವೂ ಸಾಲದು, ಸಮಯವೂ ಸಾಲದು. ಹಾಗಾಗಿ ನೌಕೆ ಕಕ್ಷೆಯಲ್ಲೇ ಉಳಿಯುವುದು, ಜನರನ್ನು ಕಿರಣಗಳ ರೂಪದಲ್ಲಿ ಕೆಳಗೆ ‘ರವಾನಿಸುವುದು’ ಎಂಬ ಉಪಾಯ ಹುಟ್ಟಿತು. ಪ್ರೇಕ್ಷಕರಿಗೆ ಅದೇ ಅಚ್ಚುಮೆಚ್ಚಾಯಿತು. 1976ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಷಟಲ್‌ಗೆ ಬೇರೊಂದು ಹೆಸರು ನಿಗದಿಯಾಗಿದ್ದಾಗ, ಸರಣಿಯ ಅಭಿಮಾನಿಗಳು ಪತ್ರಗಳ ಸುರಿಮಳೆಗೈದು ‘ಎಂಟರ್‌ಪ್ರೈಸ್’ ಎಂಬ ಹೆಸರಿಡಿಸಿದರು. ಆ ಷಟಲ್ 1977ರಲ್ಲಿ ವಾಯುಮಂಡಲದಲ್ಲಿ ಇಳಿಯುವ ಪರೀಕ್ಷೆಗಳಿಗೆ ಬಳಕೆಯಾಯಿತು. ಬಾಹ್ಯಾಕಾಶಕ್ಕೆ ಮಾತ್ರ ಹೋಗಲಿಲ್ಲ.

ಎಂಟರ್‌ಪ್ರೈಸ್ ಬೆಳಕಿಗಿಂತ ವೇಗವಾಗಿ ಹೋಗುತ್ತದೆ. ಇದು ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತಕ್ಕೆ ವಿರುದ್ಧ. ಹಾಗಿದ್ದೂ ಕಥೆಗಾರರು ಈ ದಾರಿ ಹಿಡಿದದ್ದೇಕೆ? ಅದಕ್ಕೆ ನಮ್ಮೂರಿನ ಅಳತೆಯೇ ಉತ್ತರ ಹೇಳುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. 1977ರಲ್ಲಿ ಹಾರಿಸಿದ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅಂದರೆ ದಾವಣಗೆರೆಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಅದು ಹರಿಹರದ ಸೇತುವೆ ದಾಟಿರುತ್ತದೆ. ಇಂಥ ವೇಗದಲ್ಲಿ ಹೊರಟರೂ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಯನ್ನು ತಲುಪಲು ಸುಮಾರು 75,000 ವರ್ಷ ಬೇಕು! ಈ ದೂರವನ್ನು ದಾಟದೆ ವಾರಕ್ಕೊಂದು ಕಥೆ ಹೇಳಲಾಗದು. ಅದಕ್ಕಾಗಿ ಅವರು ನೌಕೆಯ ಸುತ್ತಲಿನ ದೇಶವನ್ನೇ (ಆಕಾಶವನ್ನೇ) ಬಾಗಿಸುವ ಎಂಜಿನ್ನನ್ನು ಕಲ್ಪಿಸಿದರು. 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಇಂಥ ಬಾಗುವಿಕೆಗೆ ಸಾರ್ವತ್ರಿಕ ಸಾಪೇಕ್ಷತೆಯ ಸಮೀಕರಣಗಳಲ್ಲಿ ಎಡೆಯಿದೆಯೆಂದು ಗಣಿತದಿಂದ ತೋರಿಸಿದ. ಅದಕ್ಕೆ ಋಣ ಶಕ್ತಿ ಬೇಕು; ಅಷ್ಟು ಪ್ರಮಾಣದಲ್ಲಿ ಅದನ್ನು ಪಡೆಯುವ ದಾರಿ ಯಾರಿಗೂ ಗೊತ್ತಿಲ್ಲ. ಕಲ್ಪನೆಯ ವಾಹನವೊಂದು ನಿಜವಾದ ಸಂಶೋಧನಾ ಪ್ರಬಂಧಕ್ಕೆ ಪ್ರೇರಣೆ ಕೊಟ್ಟ ಉದಾಹರಣೆ ಇದು.

ತಿರುಗುವ ನೌಕೆ, ತಿರುಗುವ ಚಕ್

ಭೌತವಿಜ್ಞಾನದ ನಿಯಮಗಳನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಿದ ವಾಹನ ಯಾವುದು ಎಂದರೆ ಹಲವರು ಹೇಳುವುದು 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ‘ಡಿಸ್ಕವರಿ’ಯನ್ನು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್; ಕಥೆಯಲ್ಲಿ ಜೊತೆಗಾರ ಆರ್ಥರ್ ಸಿ. ಕ್ಲಾರ್ಕ್. ಇಲ್ಲಿ ನೌಕೆ ಸಾಗುವಾಗ ಸದ್ದಿಲ್ಲ, ಏಕೆಂದರೆ ನಿರ್ವಾತದಲ್ಲಿ ಶಬ್ದ ಸಾಗದು. ರೆಕ್ಕೆಗಳಿಲ್ಲ, ಏಕೆಂದರೆ ಗಾಳಿಯಿಲ್ಲ. ಜನರಿರುವ ಗೋಳ ಒಂದು ತುದಿ, ಪರಮಾಣು ಎಂಜಿನ್ ಇನ್ನೊಂದು ತುದಿ. ವಿಕಿರಣದಿಂದ ದೂರವಿರಲು ಉದ್ದನೆಯ ಬೆನ್ನೆಲುಬು.

ಗೋಳದೊಳಗೆ ಗಗನಯಾತ್ರಿಗಳು ಓಡಾಡುವ ತಿರುಗುವ ಚಕ್ರವಿದೆ. ತಿರುಗುವಾಗ ಅದರ ಒಳಮೈ ಅವರ ಪಾದವನ್ನು ಕೇಂದ್ರದ ಕಡೆಗೆ ಒತ್ತುತ್ತದೆ. ಅವರಿಗೆ ಅದು ತೂಕದಂತೆ ಅನುಭವವಾಗುತ್ತದೆ. ಜಾತ್ರೆಯಲ್ಲಿ ಬಾವಿಯಂಥ ಮರದ ಗೋಡೆಯೊಳಗೆ ಮೋಟಾರ್ ಸೈಕಲ್ ಓಡಿಸುವವನನ್ನು ನೀವು ನೋಡಿರಬಹುದು. ಅವನನ್ನು ಗೋಡೆಗೆ ಅಂಟಿಸಿದಂತೆ ಹಿಡಿದಿಡುವುದೂ ಇದೇ ತತ್ತ್ವ.

ಈ ಚಕ್ರವನ್ನು ಚಿತ್ರಕ್ಕಾಗಿ ನಿಜವಾಗಿಯೇ ಕಟ್ಟಿದರು. ವಿಕರ್ಸ್-ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರಿಂಗ್ ಕಂಪೆನಿ ನಿರ್ಮಿಸಿದ ಅದರ ವ್ಯಾಸ 38 ಅಡಿ (11.6 ಮೀಟರ್), ತೂಕ ಸುಮಾರು 30 ಟನ್, ವೆಚ್ಚ ಏಳೂವರೆ ಲಕ್ಷ ಡಾಲರ್. ಅಂಚಿನ ಗರಿಷ್ಠ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್, ಅಂದರೆ ನಡಿಗೆಯ ವೇಗ. ನಟ ಸದಾ ಚಕ್ರದ ತಳದಲ್ಲೇ ನಡೆಯುತ್ತಿದ್ದ. ಚಕ್ರ ಅವನ ಸುತ್ತ ತಿರುಗುತ್ತಿತ್ತು. ಕ್ಯಾಮೆರಾವನ್ನು ಚಕ್ರಕ್ಕೇ ಬಿಗಿದಾಗ ಅವನು ಗೋಡೆ, ಚಾವಣಿಗಳ ಮೇಲೆ ನಡೆದಂತೆ ತೆರೆಯ ಮೇಲೆ ಕಂಡಿತು.

ನೌಕೆಯಲ್ಲಿ ಇದೇ ಗಾತ್ರದ ಚಕ್ರ ಇದ್ದರೆ ಎಷ್ಟು ವೇಗವಾಗಿ ತಿರುಗಬೇಕು? ತ್ರಿಜ್ಯ 5.8 ಮೀಟರ್. ಚಂದ್ರನ ಮೇಲಿನಷ್ಟು, ಅಂದರೆ ಭೂಮಿಯ ಆರನೆಯ ಒಂದು ಭಾಗದಷ್ಟು ಗುರುತ್ವ ಸಾಕೆಂದರೆ ನಿಮಿಷಕ್ಕೆ ಸುಮಾರು 5 ಸುತ್ತು. ಭೂಮಿಯಷ್ಟೇ ಬೇಕೆಂದರೆ 12ಕ್ಕೂ ಹೆಚ್ಚು ಸುತ್ತು. ಇದರಲ್ಲಿ ಒಂದು ತೊಡಕಿದೆ. ನಿಂತ ಮನುಷ್ಯನ ತಲೆ ಕೇಂದ್ರಕ್ಕೆ ಹತ್ತಿರ. ಅವನ ಎತ್ತರ 1.7 ಮೀಟರ್ ಆದರೆ ಪಾದದಲ್ಲಿರುವುದಕ್ಕಿಂತ ತಲೆಯಲ್ಲಿ ಸುಮಾರು ಶೇಕಡಾ 29ರಷ್ಟು ಕಡಿಮೆ ‘ಗುರುತ್ವ’. ಕತ್ತು ತಿರುಗಿಸಿದರೆ ತಲೆಸುತ್ತು ಬರಬಹುದು. ಆದ್ದರಿಂದ ನಿಜವಾದ ತಿರುಗು ನೌಕೆ ಬಹಳ ದೊಡ್ಡದಿರಬೇಕು.

ಈಗ ಹರಿಹರದ ಲೇತ್‌ಗೆ ಮರಳೋಣ. 200 ಮಿಲಿಮೀಟರ್ ವ್ಯಾಸದ ಚಕ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಅದರ ಅಂಚಿನಲ್ಲಿ ವೇಗೋತ್ಕರ್ಷ ಗುರುತ್ವದ 40 ಪಟ್ಟು! ಅರ್ಧ ಕಿಲೋ ತೂಕದ ಚಕ್ ಕೀಲಿಯನ್ನು ಅಲ್ಲೇ ಮರೆತು ಯಂತ್ರ ಚಾಲೂ ಮಾಡಿದರೆ, ಅದನ್ನು ವೃತ್ತದಲ್ಲಿ ಹಿಡಿದಿಡಲು 20 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಬರಿದೇ ಸಿಕ್ಕಿಸಿದ ಕೀಲಿಗೆ ಆ ಹಿಡಿತ ಎಲ್ಲಿಂದ ಬರಬೇಕು? ಅದು ಗುಂಡಿನಂತೆ ಚಿಮ್ಮುತ್ತದೆ. ‘ಕೀಲಿ ತೆಗೆದು ಸ್ವಿಚ್ ಹಾಕು’ ಎಂದು ವರ್ಕ್‌ಶಾಪ್‌ನಲ್ಲಿ ಹೇಳುವ ಮೊದಲ ಪಾಠಕ್ಕೂ ಡಿಸ್ಕವರಿಯ ಕೃತಕ ಗುರುತ್ವಕ್ಕೂ ಸೂತ್ರ ಒಂದೇ.

ಇಷ್ಟು ನಿಷ್ಠೆಯ ಚಿತ್ರದಲ್ಲೂ ಒಂದು ರಾಜಿ ಇದೆ. ಪರಮಾಣು ಎಂಜಿನ್ನಿನ ಶಾಖವನ್ನು ಹೊರಹಾಕಲು ನೌಕೆಗೆ ದೊಡ್ಡ ವಿಕಿರಕ ಫಲಕಗಳು ಬೇಕು. ನಿರ್ವಾತದಲ್ಲಿ ಶಾಖ ಹೋಗುವ ದಾರಿ ವಿಕಿರಣ ಒಂದೇ. ಮೊದಲ ನಕ್ಷೆಗಳಲ್ಲಿ ಅವು ಇದ್ದವು. ಜನ ಅವನ್ನು ರೆಕ್ಕೆಗಳೆಂದು ತಿಳಿದಾರು ಎಂದು ಕೈಬಿಟ್ಟರು. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರದಲ್ಲಿ ಸೌರಫಲಕಗಳ ಜೊತೆ ಕಾಣುವ ಬಿಳಿಯ ಫಲಕಗಳು ಇಂಥ ವಿಕಿರಕಗಳೇ.

ಆನೆಯ ಘೀಳು ಮತ್ತು ಶರಾವತಿಯ ವಿದ್ಯುತ್ತು

1977ರ ‘ಸ್ಟಾರ್ ವಾರ್ಸ್’ ಇದಕ್ಕೆ ತದ್ವಿರುದ್ಧ. ಅಲ್ಲಿ ವ್ಯೋಮನೌಕೆಗಳು ಕಿರುಚುತ್ತವೆ. ಧ್ವನಿ ವಿನ್ಯಾಸಕ ಬೆನ್ ಬರ್ಟ್, ಶತ್ರುಪಕ್ಷದ ‘ಟೈ ಫೈಟರ್’ ನೌಕೆಯ ಸದ್ದನ್ನು ಆನೆಯ ಘೀಳು ಮತ್ತು ಒದ್ದೆ ರಸ್ತೆಯ ಮೇಲೆ ಕಾರು ಓಡುವ ಸದ್ದನ್ನು ಬೆರೆಸಿ ತಯಾರಿಸಿದ. ನಾಯಕರ ‘ಮಿಲೇನಿಯಂ ಫಾಲ್ಕನ್’ ನೌಕೆಯ ಮೈಮೇಲೆ ಕಾಣುವ ನೂರಾರು ಕೊಳವೆ, ಮುಚ್ಚಳಗಳೆಲ್ಲ ಅಂಗಡಿಯಲ್ಲಿ ಸಿಗುವ ಟ್ಯಾಂಕ್, ವಿಮಾನಗಳ ಪ್ಲಾಸ್ಟಿಕ್ ಆಟಿಕೆ ಕಿಟ್‌ಗಳ ಬಿಡಿಭಾಗಗಳು. ನೌಕೆ ಹೊಳೆಯುವ ಹೊಸ ತಟ್ಟೆಯಂತಿರದೆ ಗ್ರೀಸು, ಮಸಿ ಮೆತ್ತಿದ ಹಳೆಯ ಲಾರಿಯಂತಿದೆ, ಆಗಾಗ ಕೆಡುತ್ತದೆ. ಪ್ರೇಕ್ಷಕರು ಮೆಚ್ಚಿದ್ದು ಈ ಗುಣವನ್ನೇ. ಅದರ ನಾಯಕ ತನ್ನ ನೌಕೆಯ ವೇಗವನ್ನು ಹೊಗಳುತ್ತ ‘ಪಾರ್ಸೆಕ್’ ಎಂಬ ಮಾನವನ್ನು ಕಾಲದ ಮಾನವೆಂಬಂತೆ ಬಳಸುತ್ತಾನೆ. ಪಾರ್ಸೆಕ್ ದೂರದ ಮಾನ: 3.26 ಜ್ಯೋತಿರ್ವರ್ಷ. ‘ದಾವಣಗೆರೆಗೆ ಎರಡೇ ಕಿಲೋಮೀಟರ್‌ನಲ್ಲಿ ಬಂದೆ’ ಎಂದಂತಾಯಿತು!

1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದ ಕಾಲವಾಹನ ಒಂದು ಕಾರು: ತುಕ್ಕು ಹಿಡಿಯದ ಉಕ್ಕಿನ ಮೈಯ, ರೆಕ್ಕೆಯಂತೆ ಮೇಲೇಳುವ ಬಾಗಿಲಿನ ‘ಡಿಲೋರಿಯನ್’. ಮೊದಲ ಕರಡಿನಲ್ಲಿ ಕಾಲಯಂತ್ರ ಒಂದು ರೆಫ್ರಿಜರೇಟರ್ ಆಗಿತ್ತು. ಕಾರಾದ ಮೇಲೆ ಅದಕ್ಕೆ ಎರಡು ನಿಯಮಗಳು ಬಂದವು: ಗಂಟೆಗೆ 88 ಮೈಲಿ (ಸುಮಾರು 142 ಕಿಲೋಮೀಟರ್) ವೇಗ ಮುಟ್ಟಬೇಕು ಮತ್ತು 1.21 ಗಿಗಾವಾಟ್ ವಿದ್ಯುತ್ ಬೇಕು. ಇಡೀ ಕಥೆ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ.

1.21 ಗಿಗಾವಾಟ್ ಎಂದರೆ 1,210 ಮೆಗಾವಾಟ್. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸ್ಥಾಪಿತ ಸಾಮರ್ಥ್ಯ 1,035 ಮೆಗಾವಾಟ್. ಶರಾವತಿಯ ಹತ್ತೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೂ ಈ ಕಾರಿಗೆ ಸಾಲದು! ಆದರೆ ಇಲ್ಲಿ ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಷ್ಟು ವಿದ್ಯುತ್ ಕೇವಲ ಒಂದು ಸೆಕೆಂಡ್ ಹರಿದರೆ ಖರ್ಚಾಗುವುದು ಸುಮಾರು 336 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಅದು ಮೂರು ತಿಂಗಳಿಗೂ ಹೆಚ್ಚು ಕಾಲ ಸಾಕು. ವಿದ್ಯುತ್ ಬಿಲ್ಲಿನಲ್ಲಿ ಕಿಲೋವಾಟ್ ಎಂಬುದೂ ಯೂನಿಟ್ ಎಂಬುದೂ ಬೇರೆಬೇರೆ ಏಕಿರುತ್ತವೆ ಎಂದು ಕೇಳುವ ಮಕ್ಕಳಿಗೆ ಈ ಕಾರಿನ ಉದಾಹರಣೆ ಕೊಡಬಹುದು.

ನಮ್ಮ ತೆರೆಯ ಮೇಲೆ

ಭಾರತದಲ್ಲಿ ಇಂಥ ವಾಹನಗಳ ಚರಿತ್ರೆ ಚಿಕ್ಕದು, ಆದರೆ ನೀರಸವಲ್ಲ. 1963ರ ತಮಿಳು ಚಿತ್ರ ‘ಕಲೈ ಅರಸಿ’ಯಲ್ಲಿ ಅನ್ಯಗ್ರಹದವರು ಹಾರುವ ತಟ್ಟೆಯಲ್ಲಿ ಬಂದು ಗಾಯಕಿಯೊಬ್ಬಳನ್ನು ಹೊತ್ತೊಯ್ಯುತ್ತಾರೆ, ಅವರ ಲೋಕಕ್ಕೆ ಸಂಗೀತ ಕಲಿಸಲು! 1967ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವ ಎರಡು ವರ್ಷ ಮೊದಲು, ‘ಚಾಂದ್ ಪರ್ ಚಢಾಯಿ’ ಎಂಬ ಹಿಂದಿ ಚಿತ್ರದಲ್ಲಿ ದಾರಾ ಸಿಂಗ್ ಅಲ್ಲಿಗೆ ಹೋಗಿಬಂದಿದ್ದ. ಅದೇ ವರ್ಷ ಸತ್ಯಜಿತ್ ರಾಯ್ ‘ದಿ ಏಲಿಯನ್’ ಚಿತ್ರಕಥೆ ಬರೆದರು. ಅದರಲ್ಲಿ ನೌಕೆ ಬೀಳುವುದು ಬಂಗಾಳದ ಹಳ್ಳಿಯ ಕಮಲದ ಕೊಳದಲ್ಲಿ. ನೀರಿನಿಂದ ಮೇಲೆ ಚಾಚಿದ ಅದರ ತುದಿಯನ್ನು ಹಳ್ಳಿಗರು ದೇವಾಲಯದ ಶಿಖರವೆಂದು ಭಾವಿಸುತ್ತಾರೆ. ಆ ಚಿತ್ರ ತಯಾರಾಗಲೇ ಇಲ್ಲ.

ದೂರದರ್ಶನ 1980ರ ದಶಕದಲ್ಲಿ ‘ಸ್ಪೇಸ್ ಸಿಟಿ ಸಿಗ್ಮಾ’, 1990ರ ದಶಕದ ಕೊನೆಯಲ್ಲಿ ‘ಕ್ಯಾಪ್ಟನ್ ವ್ಯೋಮ್’ ಸರಣಿಗಳನ್ನು ಪ್ರಸಾರ ಮಾಡಿತು. ಕನ್ನಡಿಗರಿಗೆ ‘ಹಾಲು ಜೇನು’ ಮತ್ತು ಮಾತಿಲ್ಲದ ‘ಪುಷ್ಪಕ ವಿಮಾನ’ ಚಿತ್ರಗಳಿಂದ ಪರಿಚಿತರಾದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ತೆಗೆದರು. ಅದರ ಕಾಲಯಂತ್ರ ನಾಯಕನನ್ನು ಕೃಷ್ಣದೇವರಾಯನ ವಿಜಯನಗರಕ್ಕೆ ಒಯ್ಯುತ್ತದೆ. ಹರಿಹರವನ್ನು ಮುಟ್ಟಿ ಹರಿಯುವ ತುಂಗಭದ್ರೆಯ ದಡದ ರಾಜಧಾನಿಗೇ. ಇಲ್ಲಿ ಶಿಕ್ಷಕರು ಕೇಳಬಹುದಾದ ಪ್ರಶ್ನೆ ಒಂದಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ. ಸೂರ್ಯನನ್ನು ಆಧಾರವಾಗಿಟ್ಟು ನೋಡಿದರೆ ಒಂದು ಸೆಕೆಂಡ್ ಹಿಂದೆ ದಾವಣಗೆರೆ ಇದ್ದ ಜಾಗ, ಇಲ್ಲಿಂದ ಹರಿಹರಕ್ಕೆ ಹೋಗಿಬರುವಷ್ಟು ದೂರದಲ್ಲಿದೆ. ಕಾಲದಲ್ಲಿ ಹಿಂದೆ ಹೋದವನು ಅದೇ ‘ಜಾಗ’ದಲ್ಲಿ ಇಳಿಯುವುದು ಎಂದರೇನು? ‘ಅದೇ ಜಾಗ’ ಎಂಬುದನ್ನು ಯಾವುದಕ್ಕೆ ಹೋಲಿಸಿ ಹೇಳಬೇಕು? ಸಾಪೇಕ್ಷ ಚಲನೆಯ ಪಾಠ ಇಲ್ಲಿಂದ ಶುರುವಾಗಬಹುದು.

ಕನ್ನಡದಲ್ಲಿ ರೋಬೋ ಬಂದಿದೆ. 2002ರ ‘ಹಾಲಿವುಡ್’ ಚಿತ್ರ ನೆನಪಿಸಿಕೊಳ್ಳಿ. ಆದರೆ ಊರವರೆಲ್ಲ ಹೆಸರಿಡಿದು ಕರೆಯುವಂಥ ಕಲ್ಪನೆಯ ವಾಹನ ಇನ್ನೂ ಬರಬೇಕಾಗಿದೆ. 2024ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂದ ತೆಲುಗಿನ ‘ಕಲ್ಕಿ 2898 ಎಡಿ’ ಚಿತ್ರದ ‘ಬುಜ್ಜಿ’ ಈ ದಿಕ್ಕಿನಲ್ಲಿ ಮುಖ್ಯವಾದ ಹೆಜ್ಜೆ. ಅದನ್ನು ಕಂಪ್ಯೂಟರಿನಲ್ಲಷ್ಟೇ ಬಿಡಿಸಲಿಲ್ಲ. ಮಹೀಂದ್ರ ಕಂಪೆನಿ ಮತ್ತು ಕೊಯಮತ್ತೂರಿನ ಜಯೆಮ್ ಸಂಸ್ಥೆಯ ನೆರವಿನಿಂದ, ಮೂರು ಚಕ್ರಗಳ ಮೇಲೆ ನಿಜವಾಗಿ ಓಡುವ ವಿದ್ಯುತ್ ವಾಹನವಾಗಿ ಕಟ್ಟಿದರು. ತೂಕ ಸುಮಾರು 6 ಟನ್, ಮೋಟಾರುಗಳ ಸಾಮರ್ಥ್ಯ 94 ಕಿಲೋವಾಟ್. ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಕನಿಷ್ಠ ಎಷ್ಟು ಹೊತ್ತು ಬೇಕು? ಆ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 833 ಕಿಲೋಜೂಲ್. ಅದನ್ನು 94ರಿಂದ ಭಾಗಿಸಿದರೆ ಸುಮಾರು 9 ಸೆಕೆಂಡ್. ಘರ್ಷಣೆ, ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ತೆರೆಯ ಮೇಲೆ ಚಂಗನೆ ಹಾರುವ ಬುಜ್ಜಿಗೂ ನೆಲದ ಮೇಲಿನ ಬುಜ್ಜಿಗೂ ಇರುವ ಅಂತರ ಈ ಒಂದು ಭಾಗಾಕಾರದಲ್ಲಿದೆ.

ಫಲಕವಿಲ್ಲದ ವಿಮಾನ

ಇಲ್ಲಿಯವರೆಗೆ ನೋಡಿದ ವಾಹನಗಳೆಲ್ಲ ‘ಹೀಗಿದ್ದರೆ?’ ಎಂದು ಕೇಳುವಂಥವು. ‘ಹೀಗಿತ್ತು’ ಎಂದು ಸಾಧಿಸುವ ವಾಹನಗಳೂ ಇವೆ. ಅವುಗಳ ಒಂದು ಬೇರು ಕರ್ನಾಟಕದಲ್ಲೇ ಇದೆ.

2015ರ ಜನವರಿಯಲ್ಲಿ ‘ಹವಾಯಿಜಾದಾ’ ಎಂಬ ಹಿಂದಿ ಚಿತ್ರ ಬಿಡುಗಡೆಯಾಯಿತು. ಮುಂಬಯಿಯ ಶಿವಕರ ಬಾಪೂಜಿ ತಲಪಡೆ 1895ರಲ್ಲಿ, ರೈಟ್ ಸಹೋದರರಿಗಿಂತ ಮೊದಲೇ ವಿಮಾನ ಹಾರಿಸಿದರು ಎಂಬ ಪ್ರತೀತಿಯೇ ಅದರ ಕಥಾವಸ್ತು. ಇದಕ್ಕೆ ನಂಬಲರ್ಹವಾದ ಸಮಕಾಲೀನ ದಾಖಲೆ ಸಿಕ್ಕಿಲ್ಲ. ಅದೇ ತಿಂಗಳು ಮುಂಬಯಿಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧವೊಂದು ಮಂಡನೆಯಾಗಿ ದೊಡ್ಡ ವಿವಾದವಾಯಿತು. ಇಂಥ ವಾದಗಳಿಗೆ ಆಧಾರವಾಗಿ ಹೇಳುವ ಗ್ರಂಥ ‘ವೈಮಾನಿಕ ಶಾಸ್ತ್ರ’. 20ನೇ ಶತಮಾನದ ಆರಂಭದಲ್ಲಿ ಅದನ್ನು ಬಾಯಿಂದ ಹೇಳಿ ಬರೆಯಿಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಅದರ ವಿಮಾನಗಳ ನಕ್ಷೆಗಳನ್ನು ಬಿಡಿಸಿದವರು ಬೆಂಗಳೂರಿನ ಎಲ್ಲಪ್ಪ ಎಂಬ ನಕ್ಷೆಗಾರರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಅದರಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು 1974ರಲ್ಲಿ ಈ ಗ್ರಂಥವನ್ನು ಪರಿಶೀಲಿಸಿ ಲೇಖನ ಪ್ರಕಟಿಸಿದರು. ಅವರು ಗ್ರಂಥವನ್ನು ಗೇಲಿ ಮಾಡಿ ಪಕ್ಕಕ್ಕಿಡಲಿಲ್ಲ. ಭಾಷೆ, ಛಂದಸ್ಸು, ಹಸ್ತಪ್ರತಿಯ ಇತಿಹಾಸ ನೋಡಿದರು. ನಂತರ ಕೊಟ್ಟ ಅಳತೆಗಳನ್ನೇ ತೆಗೆದುಕೊಂಡು ತೂಕ, ಎತ್ತುವ ಬಲ, ಎಂಜಿನ್ ಸಾಮರ್ಥ್ಯದ ಲೆಕ್ಕ ಹಾಕಿದರು. ಗ್ರಂಥ 1904ಕ್ಕಿಂತ ಹಳೆಯದಿರಲಾರದು, ವಿವರಿಸಿದ ಯಾವ ವಿಮಾನವೂ ಹಾರಲಾರದು, ಬರೆದವರಿಗೆ ಹಾರಾಟದ ತತ್ತ್ವಗಳ ತಿಳಿವಳಿಕೆ ಇರಲಿಲ್ಲ ಎಂಬುದು ಅವರ ತೀರ್ಮಾನ. ಗಾಳಿಯನ್ನು ಮೇಲಿನಿಂದ ಎಳೆದು ಕೊಳವೆಗಳ ಮೂಲಕ ಕೆಳಗೆ ನೂಕುವ ರುಕ್ಮ ವಿಮಾನದಲ್ಲಿ ಮಾತ್ರ ಒಂದಿಷ್ಟು ಅರ್ಥವಿರುವ ಕಲ್ಪನೆ ಕಂಡಿತು. ಆದರೆ ಅದರ ಅಳತೆಗಳೂ ಲೆಕ್ಕಕ್ಕೆ ನಿಲ್ಲಲಿಲ್ಲ.

ವ್ಯತ್ಯಾಸ ಎಲ್ಲಿದೆ ನೋಡಿ. ವರ್ನ್‌ನ ಫಿರಂಗಿಯೂ ಲೆಕ್ಕಕ್ಕೆ ನಿಲ್ಲದು. ಆದರೆ ಅದು ತಾನು ಕಥೆ ಎಂದು ಒಪ್ಪಿಕೊಂಡಿದೆ. ಅದರ ಸೋಲು ನಮಗೆ ರಾಕೆಟ್‌ನ ಅಗತ್ಯವನ್ನು ಕಲಿಸುತ್ತದೆ. ಕಥೆಯೊಂದು ಚರಿತ್ರೆಯ ವೇಷ ತೊಟ್ಟಾಗ ಕಲಿಯುವ ದಾರಿ ಮುಚ್ಚುತ್ತದೆ. ನಮ್ಮ ಪುರಾಣಗಳ ಪುಷ್ಪಕ ವಿಮಾನ ಕಾವ್ಯದ ಸೊಬಗು. ಅದಕ್ಕೆ ಎಂಜಿನಿಯರಿಂಗ್ ಪ್ರಮಾಣಪತ್ರದ ಅಗತ್ಯವಿಲ್ಲ.

ತರಗತಿಯಲ್ಲಿ ಒಂದು ಚಟುವಟಿಕೆ

ಇಂದು ಮಕ್ಕಳು ಇಂಥ ಚಿತ್ರಗಳನ್ನು ಮೊಬೈಲಿನಲ್ಲೇ ನೋಡುತ್ತಾರೆ. ನೋಡಬೇಡಿ ಎನ್ನುವ ಬದಲು ಒಂದು ಕೆಲಸ ಕೊಡಬಹುದು. ಪ್ರತಿ ವಿದ್ಯಾರ್ಥಿಯೂ ತನಗಿಷ್ಟವಾದ ಚಿತ್ರದ ವಾಹನಕ್ಕೆ ಒಂದು ವಿವರ ಫಲಕ ಬರೆಯಲಿ. ಅದರಲ್ಲಿ ಈ ಅಂಶಗಳಿರಲಿ:

1. ವಾಹನದ ಅಂದಾಜು ಉದ್ದ ಮತ್ತು ತೂಕ. ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರದೊಡನೆ ಹೋಲಿಸಿ ಅಳತೆ ಕಂಡುಹಿಡಿಯಬೇಕು.

2. ಅದು ಮುಂದಕ್ಕೆ ಚಲಿಸುವಾಗ ಹಿಂದಕ್ಕೆ ನೂಕುವುದು ಏನನ್ನು? ನ್ಯೂಟನ್ನನ ಮೂರನೆಯ ನಿಯಮ ಎಲ್ಲಿದೆ?

3. ಶಕ್ತಿ ಎಲ್ಲಿಂದ ಬರುತ್ತದೆ? ಎಷ್ಟು ಬೇಕು? ಶರಾವತಿಯೊಡನೆ ಹೋಲಿಸಿ.

4. ಹುಟ್ಟುವ ಶಾಖ ಎಲ್ಲಿಗೆ ಹೋಗುತ್ತದೆ?

5. ಒಳಗಿರುವವರ ಮೇಲೆ ಎಷ್ಟು ವೇಗೋತ್ಕರ್ಷ ಬೀಳುತ್ತದೆ? ಅವರು ಬದುಕುತ್ತಾರೆಯೇ?

6. ಅದು ಮಾಡಲಾರದ ಒಂದು ಕೆಲಸ ಯಾವುದು?

ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಉತ್ತರ ಸಿಗದಿದ್ದರೆ ಆ ವಾಹನದ ಬಗ್ಗೆ ಕಥೆಗಾರ ಸಾಕಷ್ಟು ಯೋಚಿಸಿಲ್ಲ ಎಂದರ್ಥ. ಹತ್ತಿರದಲ್ಲಿ ಪಾಲಿಟೆಕ್ನಿಕ್ ಅಥವಾ ಐ.ಟಿ.ಐ. ಇದ್ದರೆ ಮಕ್ಕಳನ್ನು ಅಲ್ಲಿಯ ವರ್ಕ್‌ಶಾಪ್‌ಗೆ ಕರೆದೊಯ್ದು ನಿಜವಾದ ಯಂತ್ರವೊಂದರ ಫಲಕವನ್ನು ಓದಿಸಿ, ತಮ್ಮ ಫಲಕದೊಡನೆ ಹೋಲಿಸಲು ಹೇಳಿ. ದಾವಣಗೆರೆ, ಹರಿಹರದ ಮಕ್ಕಳಿಗೆ ಅಲ್ಲಿ ತಮ್ಮೂರಿನದೇ ಒಂದು ಎಂಟರ್‌ಪ್ರೈಸ್ ಕಾಣಸಿಕ್ಕರೆ ಆಶ್ಚರ್ಯವಿಲ್ಲ.